ಕೆಲ್ಲಿಯ ಕಾಡು

ಆಸ್ಟ್ರೇಲಿಯಾ ಖಂಡದ ಪೂರ್ವತೀರದಲ್ಲಿರುವ ಸಿಡ್ನಿಯು ಐವತ್ತು ಲಕ್ಷಕ್ಕೂ ಮಿಕ್ಕ ಜನರ ನಿವಾಸಸ್ಥಾನವಾದ ಮಹಾನಗರ. ಸಮುದ್ರವು ಅಲ್ಲಿ ನೆಲದೊಳಕ್ಕೆ ಬೆರಳುಗಳನ್ನು ಚಾಚಿದಂತೆ ಹತ್ತಾರು ಕವಲುಗಳಾಗಿ ನುಗ್ಗಿಬಂದಿದೆ. ಪರಮಟ್ಟಾ ನದಿಯೂ ಲೇನ್ ಕೋವ್ ನದಿಯೂ ಕೂಡುವೆಡೆಯಲ್ಲಿ, ಎರಡಕ್ಕೂ ನಡುವೆ, ಹಂಟರ್ಸ್ ಹಿಲ್ ಎಂಬ ನೀಳವಾದ ಭೂಶಿರವುಂಟು. ಆ ನೆಲದ ಆದಿವಾಸಿಗಳು ಇದನ್ನು ಮೂಕೂಬೂಲಾ, ಎಂದರೆ ನೀರುಗಳ ಸಂಗಮ, ಎಂದು ಕರೆಯುತ್ತಿದ್ದರು. ಈ ಭೂಶಿರದ ತುದಿಯ ವುಲ್ವಿಚ್ ಎಂಬಲ್ಲಿ ದೋಣಿಯಿಂದಿಳಿದು ಹೋಗುವವನಿಗೆ ಕಾಣುವುದು ಧನಿಕರ ಮನೆಗಳು, ಒಪ್ಪವಾದ ತೋಟಗಳು. ಇಂತಹ ಬೀದಿಗಳ ಬೆನ್ನಿಗೆ ಸುಮಾರು 12 ಎಕರೆಗಳಷ್ಟು ನಿಜವಾದ ಕಾಡು ಅಡಗಿದೆಯೆಂದರೆ ಹೊಸಬರು ನಂಬಲಾರರು. ಅದೇ ಕೆಲ್ಲಿಯ ಕಾಡು.

ಇಂಗ್ಲಿಷ್ ಪಾಠದಲ್ಲಿ 'ಬುಷ್' ಎಂದರೆ ಪೊದೆಯೆಂದು ಕಲಿತವರಿಗೆ ಒಂದು ಮಾತನ್ನು ಹೇಳಬೇಕು. ಆಸ್ಟ್ರೇಲಿಯದವರ ನುಡಿಯಲ್ಲಿ ಆ ಶಬ್ದಕ್ಕೆ ಉಳುಮೆಯನ್ನೂ ಕೊಡಲಿಯನ್ನೂ ಕಾಣದೆ ತನ್ನಷ್ಟಕ್ಕೆ ತಾನೇ ಬೆಳೆದ ನೆಲವೆಂದು ಅರ್ಥ. ನಮ್ಮ ನಿಘಂಟುಕಾರರ ವಿಪಿನ, ಗಹನಾದಿ ಪದಗಳು ಇದಕ್ಕೆ ಭಾರವಾಗುವುವು. ಅಚ್ಚಗನ್ನಡದ 'ಕಾಡು' ಎಂಬುದೇ ಸರಿಹೊಂದುವುದು.

ಒಳಹೊಕ್ಕ ಕಾಲುಹಾದಿಯು ಮರಳುಗಲ್ಲಿನ ಹಾಸುಗಳ ಮೇಲೆ ಹಾದು ನೀರಿನಂಚಿಗೆ ಇಳಿಯುತ್ತದೆ. ಮಣ್ಣು ತೆಳು, ಸಾರಹೀನ. ಆದರೂ ಬ್ಯಾಂಕ್ಸಿಯಾ ಮೊದಲಾದ ಆ ದೇಶದ ಗಿಡಮರಗಳಿಗೆ ಆ ಬಡ ಮಣ್ಣೇ ಹಿತ. ಅಲ್ಲಿಯ ಆಂಗೋಫೊರಾ ಎಂಬ ಮರವು ವರ್ಷಕ್ಕೊಮ್ಮೆ ಹಾವು ಪೊರೆ ಕಳಚುವಂತೆ ಹಳೆಯ ತೊಗಟೆಯನ್ನು ಉದುರಿಸಿ, ನಸುಗೆಂಪಾದ ನುಣ್ಣನೆಯ ಮೈಯನ್ನು ತೋರುವುದು. ಬಂಡೆಯ ಸೀಳಿನಲ್ಲಿ ಬೇರೂರಿ, ಕೊಂಬೆಗಳನ್ನು ಅಡ್ಡಾದಿಡ್ಡಿಯಾಗಿ ತಿರುಚಿಕೊಂಡು ನಿಲ್ಲುವ ಈ ಮರದ ಸಂದಿನಿಂದ ಬಂದರಿನ ನೀಲಿಯನ್ನು ನೋಡಬಹುದು.

ಈ ಕಾಡು ಉಳಿದುಬಂದ ಬಗೆಯು ವಿಚಿತ್ರವಾದುದು. ಮೊದಲಲ್ಲಿ ಇದನ್ನು ಕಾಪಾಡಿದುದು ಹೊಗೆ. ಕೆಲ್ಲಿ ಎಂಬ ವರ್ತಕರ ಮನೆತನದವರು 1892ರಲ್ಲಿ ನೀರಿನಂಚಿನಲ್ಲಿ ತವರ ಕರಗಿಸುವ ಕಾರ್ಖಾನೆಯನ್ನು ಸ್ಥಾಪಿಸಿದರು. ಕುಲುಮೆಗೂ ಮೇಲಿನ ವಾಸದ ಮನೆಗಳಿಗೂ ನಡುವೆ ಮರೆಯೊಂದು ಬೇಕಷ್ಟೆ. ಆದುದರಿಂದ ಇಳಿಜಾರಿನ ಮರಗಳನ್ನು ಕಡಿಯದೆ ಬಿಟ್ಟರು. ಪಕ್ಕದಲ್ಲಿಯೇ 1911ರಿಂದ 1915ರವರೆಗೆ ರೇಡಿಯಂ ಶೋಧಿಸುವ ಕಾರ್ಖಾನೆಯೊಂದಿತ್ತು. ಮುಂದೆ ಆ ಜಾಗದಲ್ಲಿ ಮನೆಗಳೆದ್ದುವು. ಅದರ ವಿಷಮಣ್ಣಿನ ತಕರಾರು ನೂರು ವರ್ಷ ಕಳೆದರೂ ಮುಗಿಯಲಿಲ್ಲ. ಕೆಲ್ಲಿಯವರ ಕುಲುಮೆ ಮಾತ್ರ 1967ರಲ್ಲಿ ಬೇರೆಡೆಗೆ ಹೋಯಿತು. ಹೊಗೆ ನಿಂತೊಡನೆ ಕಾಡಿಗೆ ಅಪಾಯವೂ ಮೊದಲಾಯಿತು.

ಜೆನ್ನಿಂಗ್ಸ್ ಎಂಬ ದೊಡ್ಡ ಗೃಹನಿರ್ಮಾಣದ ಕಂಪೆನಿಯು ಅಲ್ಲಿ ಮನೆಗಳನ್ನು ಕಟ್ಟಲು ಮುಂದೆ ಬಂದಿತು. 1970ರ ಸೆಪ್ಟೆಂಬರಿನಲ್ಲಿ ಆ ಊರಿನ ಹದಿಮೂರು ಮಂದಿ ಗೃಹಿಣಿಯರು ಒಂದು ಕೂಟವನ್ನು ಕಟ್ಟಿ, ತಮ್ಮನ್ನು 'ಕೆಲ್ಲಿಯ ಕಾಡಿನ ಹೋರಾಟಗಾರ್ತಿಯರು' ಎಂದು ಕರೆದುಕೊಂಡರು. ಬೆಟ್ಟಿ ಜೇಮ್ಸ್ ಎಂಬವರು ಅವರಲ್ಲಿ ಮುಂದಾಳು. ಇವರು ಬೀದಿಗಿಳಿದು ಕೂಗಿದ ಅನುಭವವಿಲ್ಲದವರು. ಪತಿಯ ವೃತ್ತಿ, ಮಕ್ಕಳ ಶಾಲೆ, ಮನೆಯ ತೋಟ ಇವುಗಳೇ ಜಗತ್ತಾಗಿದ್ದವರು. ಪುರಸಭೆಗೆ ಬರೆದರು, ಮಂತ್ರಿಗಳನ್ನು ಕಂಡರು, ಪ್ರಾಂತದ ಪ್ರಧಾನಿ ಆಸ್ಕಿನ್‌ರಿಗೆ ಮೊರೆಯಿಟ್ಟರು. ತಮ್ಮವರೇ ಆದ ಅಧಿಕಾರಸ್ಥರು ತಮ್ಮ ಮಾತನ್ನು ಕೇಳುವರೆಂಬ ಅವರ ನಂಬಿಕೆಯು ಫಲಿಸಲಿಲ್ಲ. 1971ರ ಜೂನಿನಲ್ಲಿ ಸರಕಾರವು ಕಟ್ಟಡಕ್ಕೆ ದಾರಿಮಾಡಿಕೊಟ್ಟಿತು.

ಆಗ ಅವರು ಹೋದದ್ದು ಯಾರೂ ಎಣಿಸದ ಬಾಗಿಲಿಗೆ: ನ್ಯೂ ಸೌತ್ ವೇಲ್ಸ್ ಪ್ರಾಂತದ ಕಟ್ಟಡ ಕೂಲಿಕಾರರ ಸಂಘಕ್ಕೆ. 1968ರಿಂದ ಅದರ ಕಾರ್ಯದರ್ಶಿಯಾಗಿದ್ದವರು ಕಮ್ಯೂನಿಸ್ಟ್ ಪಕ್ಷದ ಜ್ಯಾಕ್ ಮಂಡಿ. ಬುಟ್ಟಿ ಹೊರುವ, ಗಾರೆ ಕಲಸುವ ಕೂಲಿಗಳು ಒಂದು ಕಡೆ, ಮಹಲುಗಳ ಗೃಹಿಣಿಯರು ಮತ್ತೊಂದು ಕಡೆ. ಇವರಿಬ್ಬರೂ ಒಂದೇ ಮೇಜಿನ ಸುತ್ತ ಕುಳಿತದ್ದು ಆ ನಗರದ ಚರಿತ್ರೆಯಲ್ಲಿ ಒಂದು ಅಪೂರ್ವ ಸಂಗತಿ. ಸಿರಿವಂತರ ನೋಟದ ಸೊಗಸಿಗಾಗಿ ಬಡವನು ತನ್ನ ಕೂಲಿಯನ್ನೇಕೆ ಬಿಡಬೇಕು? ಈ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಕಟ್ಟಡಗಳ ಕೆಲಸವು ಭರದಿಂದ ಸಾಗಿದ್ದ ಕಾಲವಾದುದರಿಂದ ತ್ಯಾಗವು ಸುಲಭವಾಯಿತೆನ್ನಬಹುದು. ಆದರೂ ತ್ಯಾಗವು ತ್ಯಾಗವೇ. ತನ್ನ ದುಡಿಮೆಯಿಂದ ಏಳುವುದು ಸಮಾಜಕ್ಕೆ ಹಿತವೋ ಅಹಿತವೋ ಎಂದು ವಿಚಾರಿಸುವ ಹಕ್ಕು ಕೂಲಿಯವನಿಗೂ ಉಂಟೆಂಬುದು ಮಂಡಿಯವರ ಸಿದ್ಧಾಂತ. ಹಾಗೆಂದು ಹದಿಮೂರು ಮಂದಿಯ ಮಾತಿಗಷ್ಟೇ ಸಂಘವು ಒಪ್ಪಲಿಲ್ಲ. ಊರವರೆಲ್ಲರ ಇಷ್ಟವನ್ನು ಸಭೆ ಸೇರಿಸಿ ತೋರಿಸಿರೆಂದಿತು. ನೂರಾರು ಜನರು ನೆರೆದು ಬೇಡಿಕೆಯನ್ನು ಅನುಮೋದಿಸಿದರು. ಬಳಿಕ ಸಂಘವು, ಆ ನೆಲದಲ್ಲಿ ತನ್ನ ಸದಸ್ಯರಾರೂ ಕೆಲಸ ಮಾಡತಕ್ಕದ್ದಲ್ಲವೆಂದು ನಿಷೇಧ ಹಾಕಿತು.

ಸಂಘಕ್ಕೆ ಸೇರದ ಆಳುಗಳಿಂದ ಕೆಲಸ ಮಾಡಿಸುವೆವೆಂದು ಕಂಪೆನಿಯು ಹೇಳಿತು. ಅದೇ ಕಂಪೆನಿಯು ನಗರದ ಉತ್ತರಭಾಗದಲ್ಲಿ ಕಚೇರಿಯ ಕಟ್ಟಡವೊಂದನ್ನು ಎಬ್ಬಿಸುತ್ತಿತ್ತು. ಅಲ್ಲಿಯ ಕೂಲಿಕಾರರು ಸಭೆ ಸೇರಿ, ಕೆಲ್ಲಿಯ ಕಾಡಿನ ಒಂದು ಹುಲ್ಲುಕಡ್ಡಿಯನ್ನು ಮುಟ್ಟಿದರೂ ಈ ಅರ್ಧ ಕಟ್ಟಿದ ಕಟ್ಟಡವು ಆ ಕಾಡಿನ ಸ್ಮಾರಕವಾಗಿ ಎಂದೆಂದಿಗೂ ಹೀಗೆಯೇ ನಿಲ್ಲುವುದೆಂದು ನಿರ್ಣಯಿಸಿದರು. ಲೆಕ್ಕ ಬಲ್ಲವರಿಗೆ ಈ ಭಾಷೆ ತಿಳಿಯದೆ ಹೋಗುವುದಿಲ್ಲ. ಕೊಡಲಿ ಕೆಳಗಿಳಿಯಿತು.

ಇಂತಹ ನಿಷೇಧಗಳಿಗೆ 1973ರಲ್ಲಿ ಮಂಡಿಯವರು 'ಹಸಿರು ನಿಷೇಧ' ಎಂದು ಹೆಸರಿಟ್ಟರು. 1971ರಿಂದ ಮೂರುನಾಲ್ಕು ವರ್ಷಗಳಲ್ಲಿ 40ಕ್ಕೂ ಹೆಚ್ಚು ಕಡೆ ಅವು ಬಿದ್ದುವು. ಬಂದರಿನ ಬಳಿಯ 'ದಿ ರಾಕ್ಸ್' ಎಂಬ ಹಳೆಯ ಕೇರಿ, ಬಡವರ ವಸತಿಯಾದ ವುಲ್ಲೂಮುಲೂ, ಸೆಂಟಿನಿಯಲ್ ಉದ್ಯಾನ ಇವೆಲ್ಲ ಇಂದು ಉಳಿದಿರುವುದಕ್ಕೆ ಅವೇ ಕಾರಣ. ಸಿರಿವಂತರ ಕಾಡಿನಿಂದ ಹುಟ್ಟಿದ ಅಸ್ತ್ರವು ಹೀಗೆ ಬಡವರ ಮನೆಗಳನ್ನು ಕಾಯಿತೆಂಬುದು ಹಿಂದಿನ ಆಕ್ಷೇಪಕ್ಕೆ ತಕ್ಕ ಸಮಾಧಾನ. ಇದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ವಿಕ್ಟೋರಿಯಾ ಬೀದಿಯ ಮನೆಗಳನ್ನು ಕೆಡಹುವುದನ್ನು ತಮ್ಮ ಪತ್ರಿಕೆಯಲ್ಲಿ ಖಂಡಿಸುತ್ತಿದ್ದ ಜುವಾನಿಟಾ ನೀಲ್ಸನ್ ಎಂಬ ಮಹಿಳೆಯು 1975ರ ಜುಲೈ 4ರಂದು ಕಾಣೆಯಾದರು. ಅವರ ದೇಹವು ಇಂದಿಗೂ ದೊರೆತಿಲ್ಲ. ಅದೇ ವರ್ಷ ಕೇಂದ್ರ ಸಂಘವು ಪ್ರಾಂತಶಾಖೆಯನ್ನು ವಶಪಡಿಸಿಕೊಂಡು, ಮಂಡಿ ಮೊದಲಾದ ಮುಖಂಡರನ್ನು ಹೊರಹಾಕಿತು. ಕೂಲಿಕಾರರ ಪರವಾಗಿ ಹೋರಾಡಿದವರಿಗೆ ಕೂಲಿಕಾರರ ಸಂಘದಲ್ಲಿಯೇ ಎಡೆಯಿಲ್ಲದಾಯಿತು.

ಕಾಡಿನ ಹಣೆಬರಹವಾದರೋ ಹನ್ನೆರಡು ವರ್ಷ ತೂಗಾಡುತ್ತಲೇ ಇದ್ದಿತು. ಕಟ್ಟುವಂತಿಲ್ಲ, ಸಾರ್ವಜನಿಕರದೂ ಅಲ್ಲ. 1983ರಲ್ಲಿ ನೆವಿಲ್ ರಾನ್‌ರ ಸರಕಾರವು ಆ ನೆಲವನ್ನು ಜನರಿಗಾಗಿ ಕೊಳ್ಳುವುದೆಂದು ಸಾರಿತು. 1988ರಲ್ಲಿ ಸಿಡ್ನಿಯಿಂದ ನ್ಯೂಕಾಸಲ್ ಪಟ್ಟಣದವರೆಗೆ 250 ಕಿಲೋಮೀಟರುಗಳ ಮಹಾಪಥವೊಂದು ನಡೆಯುವವರಿಗಾಗಿ ತೆರೆಯಿತು. ನಗರಮಧ್ಯದ ಶಿಲಾಸ್ತಂಭದಿಂದ ಹೊರಟವರು ದೋಣಿಯಲ್ಲಿ ನೀರು ದಾಟಿ, ಮತ್ತೆ ನೆಲಕ್ಕೆ ಕಾಲಿಡುವುದು ಇದೇ ವುಲ್ವಿಚ್ಚಿನಲ್ಲಿ. ಜ್ಯಾಕ್ ಮಂಡಿಯವರು 2020ರ ಮೇ ತಿಂಗಳಲ್ಲಿ ಕಾಲವಾದರು. ಕುಲುಮೆಯಿದ್ದ ತೀರದ ಮೇಲಣ ಇಳಿಜಾರಿನಲ್ಲಿ ಆಂಗೋಫೊರಾ ಮರಗಳು ವರ್ಷವರ್ಷವೂ ತೊಗಟೆ ಕಳಚುತ್ತಿವೆ. ಕಾಲುಹಾದಿಯ ಮೇಲೆ ಅದರ ಚಕ್ಕೆಗಳು ಬಿದ್ದಿರುತ್ತವೆ.