ವೃತ್ತಿ ಬದಲಿಸಿ ಬಂದ ಗಣಿತಾಧ್ಯಾಪಕರು

ಶಾಲೆಗೆ ಹೊಸಬರೊಬ್ಬರು ಬಂದೊಡನೆ ಅಧ್ಯಾಪಕರ ಕೊಠಡಿಯಲ್ಲಿ ಏಳುವ ಮೊದಲ ಪ್ರಶ್ನೆ, “ಟ್ರೈನಿಂಗ್ ಆಗಿದೆಯೇ?” ಎಂಬುದು. ಗಣಿತ ಬಲ್ಲವನಿಗೆ ಅದನ್ನು ಕಲಿಸಲು ಇನ್ನೊಂದು ಓದು ಏಕೆ ಎಂಬ ಸಂಶಯವೂ ಅಷ್ಟೇ ಹಳೆಯದು. ಬೇರೆ ಉದ್ಯೋಗದಲ್ಲಿದ್ದವರನ್ನು ಪ್ರೌಢಶಾಲೆಗಳಿಗೆ ಕರೆತಂದ ಅಮೆರಿಕದಲ್ಲಿ ಈ ಸಂಶಯ ಪರೀಕ್ಷೆಗೆ ಒಳಗಾಯಿತು.

1936ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ, ರಸಾಯನಶಾಸ್ತ್ರಜ್ಞ ಜೇಮ್ಸ್ ಬ್ರಯಂಟ್ ಕೊನಂಟರು ವಿಷಯ ವಿಭಾಗಗಳನ್ನೂ ಶಿಕ್ಷಣ ವಿಭಾಗವನ್ನೂ ಜೊತೆಗೂಡಿಸಿ, ಪದವೀಧರರಿಗಾಗಿ ಬೋಧನೆಯ ಸ್ನಾತಕೋತ್ತರ ಪದವಿಯೊಂದನ್ನು ತೆರೆದರು. 1957ರ ಅಕ್ಟೋಬರ್ 4ರಂದು ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿತು. ಮರುವರ್ಷವೇ ಗಣಿತ, ವಿಜ್ಞಾನಗಳ ಬೋಧನೆಗೆ ನೆರವೀಯುವ ಕಾಯಿದೆ ಆಯಿತು. 1985ರಲ್ಲಿ ನ್ಯೂಜೆರ್ಸಿ ಸಂಸ್ಥಾನವು ಪದವೀಧರರನ್ನು ಮೊದಲು ನೇಮಿಸಿ, ಕೆಲಸದ ಜೊತೆಯಲ್ಲೇ ತರಬೇತು ಕೊಡುವ ಮಾರ್ಗವನ್ನು ಹಿಡಿಯಿತು.

ನ್ಯೂಯಾರ್ಕ್ ನಗರವೂ 2000ದಲ್ಲಿ ಇಂಥದೊಂದು ಯೋಜನೆಯನ್ನು ಆರಂಭಿಸಿತು. ಬೇಸಗೆಯಲ್ಲಿ ಕೆಲವು ವಾರಗಳ ತರಬೇತಿ. ಸೆಪ್ಟೆಂಬರಿನಲ್ಲಿ ತಾತ್ಕಾಲಿಕ ಪರವಾನಗಿಯೊಡನೆ ತರಗತಿ. ಸಂಜೆ ಕಾಲೇಜಿನಲ್ಲಿ ಸ್ನಾತಕೋತ್ತರ ವ್ಯಾಸಂಗ. ರಾತ್ರಿ ಮನೆಗೆ ಹೋದ ಮೇಲೆ ಮರುದಿನದ ಪಾಠಟಿಪ್ಪಣಿ! ಸಂಸಾರಸ್ಥರಿಗೆ ಇದು ಹಗುರದ ಹೊರೆಯಲ್ಲ. ಗಣಿತದ ಪದವೀಧರರು ಸಾಕಷ್ಟು ಸಿಗದಿದ್ದುದರಿಂದ, ಬೇರೆ ವಿಷಯ ಓದಿದ ಬುದ್ಧಿವಂತರನ್ನೂ ಆರಿಸಿ ಗಣಿತದಲ್ಲಿ ಮುಳುಗಿಸಿ ತೆಗೆದರು.

ಫಲವೇನು? 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೀಗೆ ಬಂದವರ ಸಾಮಾನ್ಯ ವಿದ್ಯಾರ್ಹತೆ ಕಾಲೇಜುಗಳಲ್ಲಿ ಕ್ರಮವಾಗಿ ತರಬೇತಾದವರಿಗಿಂತ ಮೇಲಾಗಿತ್ತು. ಆದರೆ ಮಾಧ್ಯಮಿಕ ತರಗತಿಗಳಲ್ಲಿ ಅವರ ಮಕ್ಕಳ ಗಣಿತದ ಪ್ರಗತಿ ತುಸು ಕಡಿಮೆಯಾಗಿತ್ತು. ಕ್ರಮದ ತರಬೇತಿ ಇಲ್ಲದೆ ಬಂದ ಇನ್ನೊಂದು ಗುಂಪಿನವರು ಇವರಿಬ್ಬರನ್ನೂ ಮೀರಿಸಿದರೆಂಬುದನ್ನೂ ಮರೆಮಾಚಬಾರದು. ಟ್ರೈನಿಂಗ್ ಕಾಗದವೊಂದೇ ಗುರುವನ್ನು ಮಾಡುವುದಿಲ್ಲ.

ಲೀ ಶುಲ್ಮನ್ ಎಂಬ ವಿದ್ವಾಂಸರು 1986ರಲ್ಲೇ, ವಿಷಯಜ್ಞಾನ ಮತ್ತು ಬೋಧನಕ್ರಮಗಳ ನಡುವೆ ಮೂರನೆಯದೊಂದು ಜ್ಞಾನವಿದೆ, ಅದು ಆ ವಿಷಯವನ್ನೇ ಕಲಿಸುವ ಜ್ಞಾನ, ಎಂದು ತೋರಿಸಿದ್ದರು. ಋಣವನ್ನು ಋಣದಿಂದ ಗುಣಿಸಿದರೆ ಧನವೆಂಬುದು ಲೆಕ್ಕಿಗನಿಗೆ ಗೊತ್ತು. “ಅದು ಹೇಗೆ ಸಾರ್?” ಎಂದು ಹುಡುಗಿಯೊಬ್ಬಳು ಎದ್ದು ನಿಂತರೆ? ಎರಡು ಸಲ −3 ಎಂದರೆ −6, ಒಂದು ಸಲ −3, ಸೊನ್ನೆ ಸಲ 0. ಪ್ರತಿ ಮೆಟ್ಟಿಲಿಗೂ ಮೂರು ಏರುತ್ತಿದೆ. ಹಾಗಾದರೆ −1 ಸಲಕ್ಕೆ 3 ಬರಲೇಬೇಕಷ್ಟೆ. ಈ ಮೆಟ್ಟಿಲುಗಳು ಆಫೀಸಿನ ಕಡತದಲ್ಲಿ ಸಿಗುವಂಥವಲ್ಲ.

ಗಣಿತಜ್ಞನಾಗಿದ್ದು ಹಣಹೂಡಿಕೆಯಲ್ಲಿ ಧನಿಕನಾದ ಜಿಮ್ ಸೈಮನ್ಸ್ 2004ರಲ್ಲಿ ಸ್ಥಾಪಿಸಿದ ‘ಮ್ಯಾಥ್ ಫಾರ್ ಅಮೆರಿಕ’ ಈ ಕ್ರಮವನ್ನು ತಿರುಗಿಸಿತು. ಗಣಿತ ಬಲ್ಲವರನ್ನೇ ಆರಿಸಿ, ಶುಲ್ಕವನ್ನೂ ಜೀವನವೇತನವನ್ನೂ ಕೊಟ್ಟು ಮೊದಲೊಂದು ವರ್ಷ ಪೂರ್ಣಕಾಲ ಓದಿಸಿತು. ಆಮೇಲೆ ನಾಲ್ಕು ವರ್ಷ ನಗರದ ಶಾಲೆಗಳಲ್ಲಿ ಪಾಠ. ನನಗೆ ಒಪ್ಪಿಗೆಯಾದುದು ಈ ದಾರಿ.

ನಮ್ಮಲ್ಲಿ 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡ ಮಾಧ್ಯಮದ ತರಗತಿಗೆ ಗಣಿತಾಧ್ಯಾಪಕರಿಲ್ಲದಿದ್ದಾಗ, ಬ್ಯಾಂಕಿನಲ್ಲಿದ್ದ ಗಣಿತ ಪದವೀಧರರೊಬ್ಬರು ಕೇಳಿಕೊಂಡು ಬಂದರು; ಮಕ್ಕಳ ಭಾಷೆಯನ್ನೇ ಆಡುವವರು. ಎರಡು ವರ್ಷ ಸಂಬಳವಿಲ್ಲದ ಓದು, ಬಳಿಕ ಅರ್ಹತಾ ಪರೀಕ್ಷೆ ಎಂದು ತಿಳಿಸಿದೆ. ನನ್ನ ಮೇಜಿನ ಮೇಲಿದ್ದ ಕಾಗದದಲ್ಲಿ ಮನೆಯ ಸಾಲ, ಮಕ್ಕಳ ಫೀಸು ಬರೆದು ಕೂಡಿಸಿ ನೋಡಿದರು. “ಲೆಕ್ಕ ಸರಿಹೋಗುವುದಿಲ್ಲ ಸಾರ್” ಎಂದು ಎದ್ದು ಹೋದರು.