ಶಾಸ್ತ್ರೀಯ ಸಂಗೀತ ಧ್ವನಿಮುದ್ರಿಕೆಗಳ ಸಂಗ್ರಹ (ಬೆಳಗಾವಿ ಪ್ರದೇಶ)

ಶಾಸ್ತ್ರೀಯ ಸಂಗೀತ ಧ್ವನಿಮುದ್ರಿಕೆಗಳ ಸಂಗ್ರಹ ಎಂದರೆ ಗ್ರಾಮಫೋನ್ ತಟ್ಟೆ, ಎಲ್.ಪಿ., ಧ್ವನಿಸುರುಳಿ, ಸಿ.ಡಿ. ಮೊದಲಾದ ರೂಪಗಳಲ್ಲಿ ದೊರೆಯುವ ಗಾಯನ-ವಾದನಗಳನ್ನು ಕಲೆಹಾಕಿ, ವಿವರಸಹಿತ ಕಾಪಾಡಿ, ಆಲಿಸುವ ಹವ್ಯಾಸ. ಬೆಳಗಾವಿ, ಖಾನಾಪುರ ಹಾಗೂ ಧಾರವಾಡ ಸೀಮೆಯನ್ನೊಳಗೊಂಡ ವಾಯವ್ಯ ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ವಿಶೇಷ ಮಹತ್ವವಿದೆ. ಈ ಸೀಮೆಯ ಕೆಲವು ಪ್ರಮುಖ ಹಿಂದೂಸ್ತಾನಿ ಗಾಯಕರ ಕಂಠ ಅಥವಾ ಶೈಲಿ ಅವರ ಬದುಕಿನ ನಡುವೆಯೇ ಬದಲಾಯಿತು. ಅವರ ಮೊದಲ ಕಾಲದ ಹಾಡಿಕೆಗೆ ಹಳೆಯ ತಟ್ಟೆಗಳೇ ಮುಖ್ಯ ಸಾಕ್ಷಿಯಾಗಿರುವುದರಿಂದ, ಯಾವ ತಟ್ಟೆ ಯಾವ ಕಾಲದ್ದೆಂಬ ತಿಳಿವಳಿಕೆಯಿಲ್ಲದ ಸಂಗ್ರಹವು ಅರ್ಧ ಮೌಲ್ಯವನ್ನು ಕಳೆದುಕೊಳ್ಳುತ್ತದೆ.

ಹಿನ್ನೆಲೆ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿತ್ತು. ಪುಣೆ, ಮಿರಜ್, ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಜೋಡಿಸುವ ರೈಲುಮಾರ್ಗವು ಸಂಗೀತಗಾರರ ಸಂಚಾರಕ್ಕೂ ದಾರಿಯಾಯಿತು. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರ್ (1843–1885) ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹೀಗಾಗಿ ಖಯಾಲ್, ಮರಾಠಿ ನಾಟ್ಯಸಂಗೀತ, ಕನ್ನಡ ರಂಗಗೀತೆ ಮತ್ತು ವಚನಗಾಯನಗಳು ಈ ಭಾಗದ ಕೇಳುಗರಿಗೆ ಒಂದೇ ಪರಂಪರೆಯ ಭಿನ್ನ ಮುಖಗಳಾಗಿವೆ.

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣವು 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅವರಿಂದ ಆರಂಭವಾಯಿತು. ಆಗ ಹಾಡಿದ ಗೌಹರ್ ಜಾನ್ ಅವರು 1930ರಲ್ಲಿ ಮೈಸೂರಿನಲ್ಲಿ ನಿಧನರಾದರು. ಆರಂಭದ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗಿ ಬರುತ್ತಿದ್ದವು. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ತೆರೆಯಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ಮಿರಜದಲ್ಲಿ ನೆಲೆಸಿದ್ದರಿಂದ ಅವರ ತಟ್ಟೆಗಳು ಈ ಸೀಮೆಗೆ ತೀರ ಹತ್ತಿರದವು. ಅವರು ಹಾಡಿದ ಝಿಂಝೋಟಿ ರಾಗದ ಠುಮರಿಯ ತಟ್ಟೆಯನ್ನು ಕೇಳಿ ಮರುಳಾದ ಬಾಲಕ ಭೀಮಸೇನ ಜೋಶಿಯವರು 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟುಹೋದ ಸಂಗತಿ ಪ್ರಸಿದ್ಧವಾಗಿದೆ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಬಳಿಕ, ತಟ್ಟೆ ಕೊಳ್ಳಲಾಗದವರಿಗೂ ಈ ಸಂಗೀತ ಮನೆಯಲ್ಲೇ ಕೇಳಿಬರುವಂತಾಯಿತು.

ಮೂರು ನಿಮಿಷದ ಚೌಕಟ್ಟು

ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚು, ಹನ್ನೆರಡು ಅಂಗುಲದ್ದರಲ್ಲಿ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು ಸಂಗೀತ ಹಿಡಿಯುತ್ತಿತ್ತು. ಕಛೇರಿಯಲ್ಲಿ ಒಂದು ಗಂಟೆ ಬೆಳೆಯಬಲ್ಲ ರಾಗವನ್ನು ಗಾಯಕರು ಈ ಅವಧಿಗೆ ಅಡಕಗೊಳಿಸಬೇಕಾಗುತ್ತಿತ್ತು. ಆದ್ದರಿಂದ ಹಳೆಯ ತಟ್ಟೆಯು ಗಾಯಕರ ನಾದ, ಸ್ವರೋಚ್ಚಾರ, ತಾನಿನ ತಯಾರಿ, ರಾಗದ ಮುಖ್ಯ ಹೊಳಹುಗಳನ್ನು ತಿಳಿಸುತ್ತದೆಯೇ ಹೊರತು ವಿಳಂಬಿತ ಆಲಾಪದ ಹರಹನ್ನಲ್ಲ. 1925ರ ನಂತರ ವಿದ್ಯುತ್ ಮುದ್ರಣ ಬರುವವರೆಗೆ ಕಹಳೆಯೊಳಗೆ ಗಟ್ಟಿಯಾಗಿ ಹಾಡಬೇಕಿದ್ದುದರಿಂದ, ಆ ಕಾಲದ ತಟ್ಟೆಯ ಧ್ವನಿಯನ್ನು ಗಾಯಕರ ಸಹಜ ಧ್ವನಿಯೆಂದು ಪೂರ್ತಿಯಾಗಿ ನಂಬುವಂತಿಲ್ಲ. ದೀರ್ಘ ಅವಧಿಯ ಎಲ್.ಪಿ. ತಟ್ಟೆಗಳು ವಿದೇಶದಲ್ಲಿ 1948ರಲ್ಲಿ ಬಂದವು. ಭಾರತದಲ್ಲಿ ಅವು ನೆಲೆಯೂರಿದ ಮೇಲೆ ಒಂದು ಮುಖದಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಒಂದೇ ರಾಗವನ್ನು ಕೇಳುವುದು ಸಾಧ್ಯವಾಯಿತು.

ಬದಲಾದ ಕಂಠಗಳು

ಕುಮಾರ ಗಂಧರ್ವರು (1924–1992) ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ ಜನಿಸಿದರು; ಹುಟ್ಟುಹೆಸರು ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ. ಬಾಲ್ಯದಲ್ಲಿ ಹಿರಿಯ ಗಾಯಕರ ತಟ್ಟೆಗಳನ್ನು ಕೇಳಿ ಅವನ್ನು ಯಥಾವತ್ತಾಗಿ ಹಾಡುವ ಬಾಲಪ್ರತಿಭೆಯೆಂದು ಖ್ಯಾತರಾದರು. ಕ್ಷಯರೋಗಕ್ಕೆ ತುತ್ತಾಗಿ 1940ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ತೆರಳಿ, ಹಲವು ವರ್ಷ ಹಾಡದೆ ಇದ್ದರು. ಮರಳಿ ಹಾಡತೊಡಗಿದಾಗ ಉಸಿರಿನ ಮಿತಿಗೆ ಹೊಂದುವ ಚಿಕ್ಕಚಿಕ್ಕ ಸ್ವರಗುಚ್ಛಗಳ ಹೊಸ ಶೈಲಿ ರೂಪುಗೊಂಡಿತ್ತು. ಬೆಳಗಾವಿಯ ರಂಗಮಂದಿರವೊಂದಕ್ಕೆ ಅವರ ಹೆಸರಿಡಲಾಗಿದೆ.

ಗಂಗೂಬಾಯಿ ಹಾನಗಲ್ಲರ (1913–2009) 1930ರ ದಶಕದ ತಟ್ಟೆಗಳು ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿರುವುದು ತೆಳುವಾದ ಏರುಧ್ವನಿ. ಮುಂದೆ ಗಂಟಲಿನ ಚಿಕಿತ್ಸೆಯ ಬಳಿಕ ಅವರ ಕಂಠ ಗಡುಸಾಯಿತು. ಲೋಕವು ಅವರನ್ನು ಗುರುತಿಸಿದ್ದು ಆ ಗಂಭೀರ ಕಂಠದಿಂದ. ಮಲ್ಲಿಕಾರ್ಜುನ ಮನ್ಸೂರರು (1910–1992) ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಬಳಿಕ ಮಂಜಿ ಖಾನ್ ಮತ್ತು ಭುರ್ಜಿ ಖಾನರಿಂದ ಜೈಪುರ-ಅತ್ರೌಲಿ ಪದ್ಧತಿಯನ್ನು ಪಡೆದರು. ಅವರ ಆರಂಭದ ತಟ್ಟೆಗಳನ್ನೂ ಎಲ್.ಪಿ.ಗಳನ್ನೂ ಜೊತೆಗಿಟ್ಟು ಕೇಳಿದರೆ ಅವರ ಗಾಯನ ಮಾಗಿದ ಬಗೆ ತಿಳಿಯುತ್ತದೆ.

ವಿವರ ದಾಖಲಿಸುವ ಕ್ರಮ

ಪ್ರತಿ ತಟ್ಟೆಗೂ ಗಾಯಕರ ಹೆಸರು (ಚೀಟಿಯ ಮೇಲಿರುವಂತೆಯೇ), ರಾಗ, ತಾಳ, ಕಂಪನಿ, ಪ್ರಕಟಣ ಸಂಖ್ಯೆ ಹಾಗೂ ಚೀಟಿಯ ಸುತ್ತಲಿನ ನುಣುಪು ಜಾಗದಲ್ಲಿ ಕೊರೆದಿರುವ ಸಂಖ್ಯೆಯನ್ನು ಬರೆದಿಡಬೇಕು. ಒಂದೇ ಹಾಡು ಬೇರೆ ಬೇರೆ ಚೀಟಿಗಳಡಿ ಮರುಪ್ರಕಟವಾಗುತ್ತಿದ್ದುದರಿಂದ, ಮೂಲ ಮುದ್ರಣದ ಕಾಲವನ್ನು ಅಂದಾಜಿಸಲು ಈ ಕೊರೆದ ಸಂಖ್ಯೆಯೇ ಹೆಚ್ಚು ನೆರವಾಗುತ್ತದೆ. ಗಾಂಧಾರಿಯೂ ಗಂಗೂಬಾಯಿಯೂ ಒಬ್ಬರೇ ಎಂಬಂಥ ಟಿಪ್ಪಣಿ ಇಲ್ಲದಿದ್ದರೆ ಮುಂದಿನ ತಲೆಮಾರಿಗೆ ಆ ತಟ್ಟೆ ಅಪರಿಚಿತರದ್ದಾಗುತ್ತದೆ. ಸಂಗ್ರಾಹಕರ ಕಾಲಾನಂತರ ಗುಜರಿ ಸೇರುವ ಸಂಭವವೂ ಹೆಚ್ಚು.

ಸಂರಕ್ಷಣೆ

ಖಾನಾಪುರ ತಾಲ್ಲೂಕು ಪಶ್ಚಿಮಘಟ್ಟದ ಸೆರಗಿನಲ್ಲಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆ ಪಡೆಯುತ್ತದೆ. ತೇವದಿಂದ ಕಾಗದದ ಕವಚಗಳಿಗೂ ಧ್ವನಿಸುರುಳಿಗಳಿಗೂ ಬೂಷ್ಟು ಹಿಡಿಯುತ್ತದೆ. ತಟ್ಟೆಗಳನ್ನು ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ನೆಟ್ಟಗೆ ನಿಲ್ಲಿಸಿಡುವುದು ಸೂಕ್ತ. ಒಂದರ ಮೇಲೊಂದು ಪೇರಿಸಿದರೆ 78ರ ತಟ್ಟೆಗಳು ಒಡೆಯುತ್ತವೆ, ಎಲ್.ಪಿ.ಗಳು ಬಾಗುತ್ತವೆ. 78ರ ತಟ್ಟೆಗಳಲ್ಲಿ ಅರಗು ಇರುವುದರಿಂದ ಅವನ್ನು ಸ್ಪಿರಿಟ್‌ನಿಂದ ಒರೆಸಬಾರದು. ಅರಗು ಅದರಲ್ಲಿ ಕರಗುತ್ತದೆ. ಎಲ್.ಪಿ.ಯ ಮುಳ್ಳು 78ರ ಗೆರೆಗೆ ತೀರ ಕಿರಿದಾದುದರಿಂದ ಎರಡಕ್ಕೂ ಬೇರೆ ಬೇರೆ ಮುಳ್ಳು ಬೇಕು.

ಡಿಜಿಟಲ್ ಪ್ರತಿ ಮಾಡುವಾಗ ವೇಗವನ್ನು ಪರೀಕ್ಷಿಸಬೇಕು. ಆರಂಭದ ತಟ್ಟೆಗಳೆಲ್ಲ ಸರಿಯಾಗಿ 78ರ ವೇಗದವಲ್ಲ. 74ರ ವೇಗದಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಷಡ್ಜವು ಸುಮಾರು ಅರ್ಧ ಸ್ವರದಷ್ಟು ಮೇಲೇರಿ, ಕಂಠದ ಗುಣವೇ ಬೇರೆಯಾಗಿ ಕೇಳಿಸುತ್ತದೆ. ಸದ್ದು ಶುದ್ಧೀಕರಿಸದ ಮೂಲ ಪ್ರತಿಯೊಂದನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ಒಳ್ಳೆಯದು.

ಹಕ್ಕುಸ್ವಾಮ್ಯ ಮತ್ತು ಸಂಸ್ಥೆಗಳು

ಭಾರತದ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕುಸ್ವಾಮ್ಯವು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಡಿನ ಸಾಹಿತ್ಯ ಮತ್ತು ಸಂಗೀತ ರಚನೆಗಳ ಹಕ್ಕು ಪ್ರತ್ಯೇಕ. ಅದು ರಚನಕಾರರ ಮರಣಾನಂತರವೂ 60 ವರ್ಷ ಮುಂದುವರಿಯುತ್ತದೆ. 1990ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘವು ಹಳೆಯ ತಟ್ಟೆಗಳ ಮಾಹಿತಿ ವಿನಿಮಯಕ್ಕೆ ವೇದಿಕೆಯಾಗಿದೆ. ಮೈಕೆಲ್ ಕಿನಿಯರ್ ಅವರು ಅಬ್ದುಲ್ ಕರೀಂ ಖಾನರ ಜೀವನ ಮತ್ತು ಧ್ವನಿಮುದ್ರಿಕೆಗಳ ಕುರಿತು ರಚಿಸಿದ ಸೂಚಿಗ್ರಂಥವು ಇಂಥ ದಾಖಲಾತಿಗೆ ಮಾದರಿಯಾಗಿದೆ.