ಸೈನೈಡ್ ದಿಬ್ಬ

ಕೋಲಾರ ಚಿನ್ನದ ಗಣಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಿದ್ದೆ. ಬೂದು ಬಣ್ಣದ ದಿಬ್ಬ ತೋರಿಸಿ ಒಬ್ಬ ಹುಡುಗ, "ಮಿಸ್, ಈ ಬೆಟ್ಟದ ಮೇಲೆ ಮರ ಯಾಕಿಲ್ಲ?" ಎಂದ. ಬೆಟ್ಟವಲ್ಲಪ್ಪ, ಗಣಿಯ ಕಸ ಎಂದೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಅದಿರನ್ನು ಪುಡಿ ಮಾಡಿ ಪಾದರಸದಿಂದ ಚಿನ್ನ ಹಿಡಿಯುತ್ತಿದ್ದರು. ಪಾದರಸಕ್ಕೆ ಸಿಗದೆ ಉಳಿದದ್ದನ್ನು ಆಮೇಲೆ ಬಂದ ಸೈನೈಡ್ ನೀರು ಕರಗಿಸಿತು. ಅದಕ್ಕೂ ಸಿಗದ್ದು ಈ ಮಣ್ಣಿನಲ್ಲಿದೆ. ಭತ್ತ ಕುಟ್ಟಿ ಕೇರಿದ ಮೇಲೂ ನಮ್ಮಜ್ಜಿ ತೌಡಿನಲ್ಲಿ ನುಚ್ಚು ಹುಡುಕುತ್ತಿದ್ದಳು, ಹಾಗೆಯೇ ಇದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಬಿದ್ದಿದ್ದ ಮಣ್ಣು ಸುಮಾರು 3.3 ಕೋಟಿ ಟನ್; ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ. ಅದಕ್ಕಾಗಿ 13 ದಿಬ್ಬಗಳನ್ನು ಹರಾಜು ಹಾಕಲು 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು.

ಹಾಳಾಗುವುದು ಬೇಡ, ತೆಗೆಯಲಿ. ಆದರೆ ಗಾಳಿಗಾಲದಲ್ಲಿ ಈ ದಿಬ್ಬಗಳ ದೂಳು ಲೈನು ಮನೆಗಳೊಳಗೆ ನುಗ್ಗಿ ಅನ್ನದ ಪಾತ್ರೆಯ ಮೇಲೂ ಕೂರುತ್ತದೆ. ಅಗೆದರೆ ಇನ್ನಷ್ಟು ಏಳದೆ ಇದ್ದೀತೆ? ಚಿನ್ನ ಯಾರಿಗೆ ಹೋದರೂ ದೂಳು ಕುಡಿಯುವವರು ಅದೇ ಮನೆಗಳವರು. ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರೂ ಅವರೇ.

ಬಸ್ಸು ಹತ್ತುವಾಗ ಆ ಹುಡುಗ ಚಪ್ಪಲಿ ಕೊಡವಿ, "ಇದರಲ್ಲೂ ಇದೆಯಾ ಮಿಸ್?" ಎಂದ. ಕೈ ತೊಳೆದುಕೋ ಎಂದೆ.